ಮರುದಿನ ಬಂದ ಸೀರೆ

ನಿನ್ನ ಆರತಿಗೆ ಸೋದರಮಾವ ಬರಲೇ ಇಲ್ಲ ಎಂದು ಇಷ್ಟು ವರ್ಷ ನಂಬಿಕೊಂಡಿದ್ದೀಯಲ್ಲ ಚೈತ್ರಾ — ಅದು ಸುಳ್ಳು. ಅವನು ಬಂದಿದ್ದ. ಮರುದಿನ ಬಂದಿದ್ದ. ಮರುದಿನ ಬರುವಂತೆ ಮಾಡಿದವಳು ನಾನು.

ಬಾಯಿಬಿಟ್ಟು ಹೇಳಲು ಮೂರು ದಿನದಿಂದ ಒದ್ದಾಡಿದೆ, ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆರು ವರ್ಷದವಳಿದ್ದಾಗ ನೀನು ಕತ್ತಲಗೆರೆಯ ಈ ಮನೆಗೆ ಬಂದೆ. ಹೆತ್ತವಳು ತೀರಿಹೋಗಿದ್ದಳು, ಹುಟ್ಟಿಸಿದವನು ಬಿಟ್ಟುಹೋಗಿದ್ದ. ಜಗಳೂರಿನ ಹತ್ತಿರ ಸೊಕ್ಕೆಯಲ್ಲಿ ಕೂಲಿ ಮಾಡುತ್ತಿದ್ದ ನಿನ್ನ ಮಾವ ಓಬಳೇಶನಿಗೆ ಮದುವೆಯಾಗಿರಲಿಲ್ಲ. ಒಂಟಿ ಗಂಡಸು ಹೆಣ್ಣುಮಗುವನ್ನು ಸಾಕುವುದು ಹೇಗೆ? ನನಗೂ ನಿನ್ನ ಈ ಅಪ್ಪನಿಗೂ ಮಕ್ಕಳಿರಲಿಲ್ಲ. ಮಕ್ಕಳ ಕಲ್ಯಾಣದ ಕಚೇರಿಯವರು ಕಾಗದದಲ್ಲಿ ನಮ್ಮನ್ನು ‘ಸಾಕು ಪೋಷಕರು’ ಎಂದು ಬರೆದರು. ಸಂಬಂಧಿಕರು ಬಂದುಹೋಗಲಿ, ತಡೆಯಬೇಡಿ ಎಂದೂ ಹೇಳಿದರು. ನಾನು ತಲೆಯಾಡಿಸಿದೆ. ತಲೆಯಾಡಿಸುವುದಕ್ಕೇನು!

ಎರಡು ವರ್ಷ ನನ್ನನ್ನು ‘ಆಂಟಿ’ ಎಂದೇ ಕರೆದೆ. ಮೂರನೆಯ ವರ್ಷ ಜ್ವರದಲ್ಲಿ ಒಮ್ಮೆ ‘ಅಮ್ಮಾ, ನೀರು’ ಎಂದೆ — ಅವಸರದಲ್ಲಿ ನಾನು ಅರ್ಧ ಲೋಟ ನಿನ್ನ ಹಾಸಿಗೆಗೇ ಚೆಲ್ಲಿದೆ. ಆ ಸಂತೋಷವನ್ನು ನಿಮ್ಮಪ್ಪನ ಜೊತೆ ಹಂಚಿಕೊಳ್ಳಲೂ ನನಗೆ ಮನಸ್ಸಾಗಲಿಲ್ಲ.

ಆದರೆ ಎರಡು ತಿಂಗಳಿಗೊಮ್ಮೆ ಓಬಳೇಶ ಬರುತ್ತಿದ್ದ, ಬಟ್ಟೆಯಲ್ಲಿ ಸಜ್ಜೆ ರೊಟ್ಟಿ ಕಟ್ಟಿಕೊಂಡು. ನನ್ನ ಬಿಸಿ ರೊಟ್ಟಿಯನ್ನು ಅರ್ಧ ಬಿಡುತ್ತಿದ್ದ ನೀನು ಅವನ ಒಣರೊಟ್ಟಿಯನ್ನು ಕಟಕಟ ಕಡಿಯುತ್ತ, ‘ನಮ್ಮವ್ವ ಹಿಂಗೇ ಎಳ್ಳು ಹಚ್ತಿದ್ಲು’ ಎನ್ನುತ್ತಿದ್ದೆ. ಅವನು ಬಂದ ದಿನ ನಿನ್ನ ಮಾತೇ ಬೇರೆ, ನಗುವೇ ಬೇರೆ. ನನ್ನ ಹತ್ತಿರ ರವಿಕೆ ಹೊಲಿಸಲು ಬಂದ ಹೆಂಗಸರು ‘ಹುಡುಗಿ ಮೂಗು ನೋಡ್ರಿ, ಥೇಟ್ ಮಾವಂದೇ ಐತೆ’ ಎಂದರೆ ನನಗೆ ಮೈಯೆಲ್ಲ ಉರಿ. ಆ ಮೂಗು ಒರೆಸಿ ಒರೆಸಿ ಬೆಳೆಸಿದವಳು ನಾನಲ್ಲವೇ! ಹೊಟ್ಟೆಕಿಚ್ಚು ಕಣೇ, ಅದಕ್ಕೆ ಬೇರೆ ಹೆಸರಿಲ್ಲ. ಜೊತೆಗೊಂದು ಭಯ — ಇವನಿಗೆ ಮದುವೆಯಾದರೆ ನಿನ್ನನ್ನು ಕರೆದುಕೊಂಡು ಹೋಗಿಬಿಡುತ್ತಾನೆ ಎಂದು.

ನೀನು ದೊಡ್ಡವಳಾದಾಗ ಒಂದು ಭಾನುವಾರ ಆರತಿ ಇಟ್ಟುಕೊಂಡೆವು. ಸೋದರಮಾವ ತಂದ ಸೀರೆ ಉಡಿಸಿಯೇ ಹುಡುಗಿಯನ್ನು ಹಸೆಗೆ ಕೂರಿಸಬೇಕು. ಆ ಮರ್ಯಾದೆ ಅವನದ್ದು. ನೀನು ಕೇಳಿದ್ದೂ ಅದೊಂದನ್ನೇ: ‘ಮಾವಗೆ ಫೋನ್ ಮಾಡಿದ್ಯಾ ಅಮ್ಮಾ?’

ಮಾಡಿದ್ದೆ. ಸೋಮವಾರ ಆರತಿ, ಬಾರಪ್ಪ — ಎಂದು ಹೇಳಿದ್ದೆ. ನಾಲಿಗೆ ಒಂದು ಚೂರೂ ತಡವರಿಸಲಿಲ್ಲ.

ಭಾನುವಾರ ಸಾಸ್ವೆಹಳ್ಳಿಯಿಂದ ನನ್ನ ತಮ್ಮ ಮಂಜಣ್ಣ ಸೀರೆ ತಂದ. ಅದನ್ನೇ ಉಡಿಸಿದೆ. ನೀನು ಹಸೆಯ ಮೇಲೆ ಕೂತು ಬಾಗಿಲನ್ನೇ ನೋಡುತ್ತಿದ್ದೆ. ‘ಇನ್ನೊಂಚೂರು ತಡೀರಿ, ಜಗಳೂರು ಬಸ್ಸು ಲೇಟಾಗಿರ್ತೈತೆ’ ಎಂದೆ ನೀನು. ಹೊತ್ತು ಮೀರುತ್ತದೆ ಎಂದು ಹೆಂಗಸರನ್ನು ಅವಸರಪಡಿಸಿದವಳು ನಾನೇ. ಸಂಜೆ ನೀನು ಬಿಕ್ಕಿದಾಗ ತಬ್ಬಿಕೊಂಡು ‘ನಾನಿಲ್ವಾ’ ಎಂದೆ. ಇದನ್ನೂ ಹೇಳಿಬಿಡುತ್ತೇನೆ — ನೀನು ಅಳುತ್ತಿದ್ದೆ, ನನಗೆ ಒಳಗೊಳಗೇ ಸಂತೋಷವಾಗುತ್ತಿತ್ತು.

ಸೋಮವಾರ ಬೆಳಗ್ಗೆಯೇ ನಿನ್ನನ್ನು ಮಂಜಣ್ಣನ ಜೊತೆ ಸಾಸ್ವೆಹಳ್ಳಿಗೆ ಕಳಿಸಿದೆ, ಬೇಕೆಂದೇ. ಹತ್ತು ಗಂಟೆಗೆ, ನಿಮ್ಮಪ್ಪ ಮನೆಯಲ್ಲಿಲ್ಲದ ಹೊತ್ತಿನಲ್ಲಿ, ಓಬಳೇಶ ಬಂದ. ಮೈಮೇಲೆ ಹೊಸ ಅಂಗಿ, ಕೈಯಲ್ಲಿ ಸೀರೆ, ಕೊಬ್ಬರಿ, ಎಳ್ಳುಂಡೆ. ಬಾಡಿದ ತೋರಣ ನೋಡಿ ಹೊಸಿಲಾಚೆಯೇ ನಿಂತುಬಿಟ್ಟ.

‘ಅಕ್ಕಾ, ಆಗೋಯ್ತಾ?’

‘ಭಾನುವಾರ ಅಂತ ಹೇಳಿದ್ನಲ್ಲೋ! ಎಷ್ಟು ಕಾದ್ವಿ. ನಿನ್ನ ಮುಖನೇ ನೋಡಲ್ಲ ಅಂತ ಸಿಟ್ಟು ಮಾಡ್ಕೊಂಡು ಕೂತಾಳೆ.’

ಅವನು ಜಗಳ ಮಾಡಲಿಲ್ಲ. ‘ನಂದೇ ತಪ್ಪಿರಬೇಕು ಬಿಡಕ್ಕಾ. ಸಿಟ್ಟು ಇಳಿದ ಮ್ಯಾಲೆ ಉಡಿಸು’ ಎಂದು ಸೀರೆಯನ್ನು ನನ್ನ ಕೈಗಿಟ್ಟು, ನೀರೂ ಕುಡಿಯದೆ ಹೋದ. ಆಮೇಲೆ ನಾಲ್ಕು ಸಲ ಫೋನ್ ಮಾಡಿದ. ಅವಳ ಸಿಟ್ಟು ಇಳಿದಿಲ್ಲ ಎಂದೆ, ನಾಲ್ಕು ಸಲವೂ. ಮತ್ತೆ ಅವನು ಮಾಡಲಿಲ್ಲ. ‘ಮಾವ ನನ್ನ ಮರೆತ’ ಎಂದುಕೊಂಡು ನೀನೂ ಅವನ ಸುದ್ದಿ ಎತ್ತುವುದನ್ನು ಬಿಟ್ಟೆ. ಆ ಸೀರೆ ನನ್ನ ಟ್ರಂಕಿನ ತಳ ಸೇರಿತು. ಊರಿಗೆಲ್ಲ ರವಿಕೆ ಹೊಲಿದ ನಾನು ಅದರ ರವಿಕೆ ಬಟ್ಟೆಗೆ ಕತ್ತರಿ ಹಾಕಲಿಲ್ಲ.

ಈಗ ನ್ಯಾಮತಿಯ ಹುಡುಗನ ಜೊತೆ ನಿನ್ನ ಮದುವೆ. ಮೂರು ದಿನದ ಹಿಂದೆ, ಯಾರನ್ನೆಲ್ಲ ಕರೆಯಬೇಕೆಂದು ಬರೆಯುತ್ತಾ ಕೂತಿದ್ದಾಗ ನಿಮ್ಮಪ್ಪ ಸೊಕ್ಕೆಯ ಹೆಸರೆತ್ತಿದರು. ನೀನು ತಲೆಯೆತ್ತದೆ ಹೇಳಿದೆ: ‘ಬ್ಯಾಡಪ್ಪ. ಅವತ್ತು ಬರದೋರು ಇವತ್ತು ಯಾಕೆ? ಮಂಜಣ್ಣ ಮಾವನೇ ನನ್ನ ಕೈ ಹಿಡ್ಕೊಂಡು ಮಂಟಪಕ್ಕೆ ಕರ್ಕೊಂಡು ಬರ್ಲಿ.’

ನಾನು ಅಂದು ಬಯಸಿದ್ದು ಇದನ್ನೇ ಅಲ್ಲವೇ? ಪೂರ್ತಿ ನನ್ನವಳಾಗಿದ್ದೀಯ. ಆದರೆ ಆ ರಾತ್ರಿಯೇ ಟ್ರಂಕಿನ ತಳದಿಂದ ಆ ಸೀರೆಯನ್ನು ಹೊರತೆಗೆದೆ. ಹೆತ್ತವಳ ಕಡೆಯಿಂದ ನಿನಗೆ ಉಳಿದಿದ್ದವನು ಅವನೊಬ್ಬ — ಅವನನ್ನೂ ನಾನೇ…

ಭಯವಿತ್ತು ಎಂದು ಬರೆದೆನಲ್ಲ, ಅದನ್ನು ನೆಪ ಎಂದುಕೊಳ್ಳಬೇಡ. ಎಷ್ಟೋ ಹೆಂಗಸರಿಗೆ ಭಯವಿರುತ್ತದೆ, ಎಲ್ಲರೂ ಮಗುವಿಗೆ ಹೀಗೆ ಮಾಡುವುದಿಲ್ಲ.

ಸೀರೆಯನ್ನು ಹೊಲಿಗೆ ಮಿಷಿನ್ ಮೇಲೆ ಇಟ್ಟಿದ್ದೇನೆ. ನೀನು ಇದನ್ನು ಓದುವ ಹೊತ್ತಿಗೆ ನಾನು ಲಗ್ನಪತ್ರಿಕೆ ಹಿಡಿದುಕೊಂಡು ಸೊಕ್ಕೆಯ ದಾರಿಯಲ್ಲಿರುತ್ತೇನೆ. ಸೋಮವಾರ ಎಂದವಳು ನಾನೇ ಎಂದು ಅವನ ಹೊಸಿಲಾಚೆ ನಿಂತು ಹೇಳುತ್ತೇನೆ. ಅವನು ಒಳಗೆ ಕರೆಯದಿದ್ದರೆ ಪತ್ರಿಕೆಯನ್ನು ಅಲ್ಲೇ ಇಟ್ಟು ಬರುತ್ತೇನೆ. ನಾನು ವಾಪಸ್ ಬಂದಾಗ ನೀನು ಅಮ್ಮ ಎನ್ನುತ್ತೀಯೋ, ಮತ್ತೆ ಆಂಟಿ ಎನ್ನುತ್ತೀಯೋ — ಅದು ನಿನಗೆ ಬಿಟ್ಟಿದ್ದು.

ಒಂದು ಮಾತು ಮುಚ್ಚಿಡುವುದಿಲ್ಲ. ಮಂಟಪಕ್ಕೆ ಬರುವಾಗ ನಿನ್ನ ಕೈ ಅವನ ಕೈಯಲ್ಲಿರುವುದನ್ನು ನೆನೆದರೆ ಈಗಲೂ ನನ್ನ ಹೊಟ್ಟೆ ಉರಿಯುತ್ತದೆ. ಉರಿಯಲಿ. ಈ ಸಲ ಅವನಿಗೆ ಸರಿಯಾದ ದಿನವನ್ನೇ ಹೇಳುತ್ತೇನೆ.