ಬೆವರದ ಗೆಳತಿ

ನಮ್ಮ ಗಂಗಾವತಿಯ ಸೆಕೆಯನ್ನು ಕೊಪ್ಪಳದ ಆಚೆಯವರಿಗೆ ತಿಳಿಸಿ ಹೇಳುವುದು ಕಷ್ಟ. ಅವರಿಗೆ ಬಿಸಿಲು ಗೊತ್ತು, ಧಗೆ ಗೊತ್ತಿಲ್ಲ. ಬೇಸಿಗೆಯಲ್ಲೂ ಗದ್ದೆ ತುಂಬ ಕಾಲುವೆ ನೀರು ನಿಲ್ಲಿಸಿಕೊಂಡು ಎರಡನೇ ಬೆಳೆ ನೆಲ್ಲು ಬೆಳೆಯುವ ಊರು ನಮ್ಮದು. ಮೇಲೆ ಸೂರ್ಯ, ಕೆಳಗೆ ಆ ನೀರು, ನಡುವೆ ನಾವು ಇಡ್ಲಿಯ ಹಾಗೆ ಬೇಯುತ್ತೇವೆ. ಅಂಥದರಲ್ಲಿ ನಾನು ಬಾಕ್ಸಿಂಗ್ ಕಲಿತೆ, ಅದೂ ತಗಡಿನ ಶೆಡ್ಡಿನಲ್ಲಿ.

ಶೆಡ್ಡು ಅಪ್ಪ ಹಮಾಲಿ ಮಾಡುತ್ತಿದ್ದ ರೈಸ್ ಮಿಲ್ಲಿನದು. ಖಾಲಿ ಬಿದ್ದಿತ್ತು, ಸಾಹುಕಾರರನ್ನು ಕೇಳಿ ಅಪ್ಪನೇ ಕೊಡಿಸಿದ. ಗೋಣಿಚೀಲಕ್ಕೆ ನೆಲ್ಲಿನ ಹೊಟ್ಟು ತುಂಬಿ ತೂಗುಹಾಕಿದ್ದೆವು. ವಾರಕ್ಕೆರಡು ಸಲ ಮುನಿರಾಬಾದಿನಿಂದ ಕೋಚ್ ಸರ್ ಬರುತ್ತಿದ್ದರು. ಉಳಿದ ದಿನ ಚೀಲವೇ ಗುರು. ಹತ್ತು ನಿಮಿಷಕ್ಕೆ ಮೊಣಕೈಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ಕೈಗೆ ಸುತ್ತಿದ ಪಟ್ಟಿ ಹಿಂಡಿದರೆ ನೀರು, ಮರುದಿನ ಬೆಳಿಗ್ಗೆ ನೋಡಿದರೂ ಹಸಿ. ಅವ್ವ ಉಪ್ಪು ಹಾಕಿದ ಮಜ್ಜಿಗೆ ಕೊಟ್ಟು, ಬಿಸಿಲು ಬಡಿಯಬಾರದೆಂದು ಜೇಬಿನಲ್ಲಿ ಒಂದು ಉಳ್ಳಾಗಡ್ಡಿ ಇಟ್ಟು ಕಳಿಸುತ್ತಿದ್ದಳು. ಗ್ಲೌಸ್ ನಾರುವುದಕ್ಕೂ ಉಳ್ಳಾಗಡ್ಡಿ ನಾರುವುದಕ್ಕೂ ಸರಿಹೋಗುತ್ತಿತ್ತು.

ಒಂದು ವರ್ಷ ಒಬ್ಬಳೇ ಹೊಡೆದೆ. ಆಮೇಲೆ ಅವಳು ಬಂದಳು. ಅಳವಂಡಿ ಕಡೆಯ ಹುಡುಗಿ, ಡಿಗ್ರಿ ಓದಲು ಬಂದು ಹಾಸ್ಟೆಲಿನಲ್ಲಿದ್ದಳು. ಮೊದಲ ವಾರ ತಗಡಿನ ಕೆಳಗೆ ಒದ್ದೆ ಮುದ್ದೆಯಾಗಿ ಕೂತು, ನಮ್ಮ ಕಡೆ ಬಿಸಿಲು ಒಮ್ಮೆ ಹೊಡೆದು ಬಿಟ್ಟುಬಿಡುತ್ತದೆ, ನಿಮ್ಮೂರಿನದು ಕುದಿಸುತ್ತದೆ ಎಂದು ಬೈದಿದ್ದಳು. ಬೈದರೂ ಬಿಡಲಿಲ್ಲ. ಬಾಕ್ಸಿಂಗಿನಲ್ಲಿ ಎದುರಿಗೊಬ್ಬರು ಬೇಕು. ಆ ಒಬ್ಬರು ಸಿಕ್ಕಾಗ ನನಗೆ ಎಷ್ಟು ಖುಷಿಯಾಯಿತೆಂದರೆ ಮನೆಗೆ ಹೋಗಿ ಅತ್ತಿದ್ದೆ. ಆದರೆ ನಮ್ಮಿಬ್ಬರದೂ ಒಂದೇ ತೂಕ. ಒಂದು ತೂಕಕ್ಕೆ ಜಿಲ್ಲೆಯಿಂದ ರಾಜ್ಯಮಟ್ಟದ ಪಂದ್ಯಕ್ಕೆ ಒಬ್ಬಳೇ ಹೋಗುವುದು ಎಂದು ಸರ್ ಮೊದಲೇ ಹೇಳಿದ್ದರು. ನಾವಿಬ್ಬರೂ ನಕ್ಕು ಬಿಟ್ಟಿದ್ದೆವು.

ಕೊಪ್ಪಳದಲ್ಲಿ ಆಯ್ಕೆಗೆ ಒಂದು ವಾರ ಉಳಿದಿತ್ತು. ಸರ್ ಇಲ್ಲದ ದಿನ ಎದುರುಬದುರು ಹೊಡೆದಾಡಬಾರದೆಂದು ಕಟ್ಟಪ್ಪಣೆ ಇತ್ತು. ನಾನೇ ಹಟ ಹಿಡಿದೆ. ಬೆಳಿಗ್ಗೆ ಅವಳಿಗೆ ಕಾಲೇಜಿದ್ದುದರಿಂದ ಮಧ್ಯಾಹ್ನ ಮೂರಕ್ಕೆ ಶುರು ಮಾಡಿದೆವು. ಎಲೆ ಅಲ್ಲಾಡುತ್ತಿರಲಿಲ್ಲ, ತಗಡು ಕಾದು ಟಣ್ ಟಣ್ ಅನ್ನುತ್ತಿತ್ತು. ಎರಡು ರೌಂಡ್ ಮುಗಿಯುವ ಹೊತ್ತಿಗೆ ನಾನು ಕಾಲುವೆಯಲ್ಲಿ ಮುಳುಗಿ ಎದ್ದವಳಂತಿದ್ದೆ. ಅವಳನ್ನು ನೋಡಿದೆ. ಹಣೆ ಒಣಗಿತ್ತು. ಕತ್ತು ಒಣಗಿತ್ತು. ಯವ್ವಾ, ನನ್ನ ಹೊಟ್ಟೆಯಲ್ಲಿ ಕಿಚ್ಚು ಬಿತ್ತು. ಜೋಳದ ಹೊಲದಲ್ಲಿ ಬೆಳೆದವಳು, ಬಿಸಿಲು ಇವಳಿಗೆ ಯಾವ ಲೆಕ್ಕ, ನಮ್ಮ ಸೆಕೆಯನ್ನೂ ಪಳಗಿಸಿಬಿಟ್ಟಳು ಅಂದುಕೊಂಡೆ.

ಅವಳು ಬಾಯಿಂದ ಹಲ್ಲಿನ ಗಾರ್ಡ್ ತೆಗೆದಳು. "ತಲಿ ತಿರಗಾಕತ್ತೈತಿ ಬೇ. ಇವತ್ತಿಗೆ ಸಾಕು ಮಾಡೂನು."

ನಾನು ನಕ್ಕೆ. "ಬಿಸಲಾಗ ಹುಟ್ಟಿದಾಕಿ ನೀ. ನೆಳ್ಳಾಗ ತಲಿ ತಿರಗತೈತೇನು? ಇನ್ನೊಂದ ರೌಂಡು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ. ಅವಳು ಗಾರ್ಡನ್ನು ಮತ್ತೆ ಬಾಯಿಗಿಟ್ಟುಕೊಂಡಳು. ಕೈ ಎತ್ತಿದಳು, ಅವು ತಾವಾಗಿಯೇ ಇಳಿದವು. ಇಳಿದದ್ದು ನನಗೆ ಕಂಡಿತು. ಎಡಗೈ ಹೊಡೆದೆ, ಹಿಂದೆಯೇ ಬಲಗೈ ಹೊಡೆದೆ. ಅವಳು ಬೀಳಲಿಲ್ಲ, ಮೆಲ್ಲಗೆ ಕೂತಳು, ಆಮೇಲೆ ಪಕ್ಕಕ್ಕೆ ವಾಲಿದಳು. ಮುಟ್ಟಿದರೆ ಮೈ ರೊಟ್ಟಿಯ ಹಂಚು. ನಾನು ಕಿರುಚಿದ್ದು ಕೇಳಿ ಹಮಾಲರು ಓಡಿ ಬಂದು ಕೊಡಗಟ್ಟಲೆ ನೀರು ಸುರಿದು, ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದರು. ಇನ್ನರ್ಧ ತಾಸು ತಡವಾಗಿದ್ದರೆ ಏನೂ ಹೇಳುವಂತಿರಲಿಲ್ಲ ಎಂದರು ಡಾಕ್ಟರು.

ಸರ್ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಒಣ ಸೀಮೆಯಲ್ಲಿ ಗಾಳಿಗೆ ಬೆವರು ಆಗಿಂದಾಗಲೇ ಆರುತ್ತದೆ, ಅದಕ್ಕೇ ಅಲ್ಲಿಯವರು ಬೆವರುವುದಿಲ್ಲ ಅಂತ ಕಾಲುವೆ ಕಡೆಯ ನೀವೆಲ್ಲ ತಿಳಿದಿದ್ದೀರಿ; ಇಲ್ಲಿಯ ಧಗೆಯಲ್ಲಿ ಮೈ ಒಣಗಿತೆಂದರೆ ಅದು ಶಕ್ತಿಯಲ್ಲ, ಮೈ ಕೈಚೆಲ್ಲಿದ್ದು ಎಂದು ನಿಧಾನವಾಗಿ ಹೇಳಿದರು. ಮೂರನೇ ದಿನ ಅವಳ ಅಣ್ಣ ಬಂದು ಊರಿಗೆ ಕರೆದುಕೊಂಡು ಹೋದ. ಏನೂ ಅರಿಯದ ಅವನು ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದ ನನಗೆ, ಬರ್ತೀವ್ರಿ ಎಂದು ಬಹುವಚನ ಹಚ್ಚಿ ಹೇಳಿದ. ಅವಳು ನನ್ನ ಕಡೆ ನೋಡಲಿಲ್ಲ.

ಆಯ್ಕೆಯ ದಿನ ನಮ್ಮ ತೂಕದಲ್ಲಿ ಇದ್ದದ್ದು ಎರಡೇ ಹೆಸರು. ರೆಫ್ರಿ ಅವಳ ಹೆಸರನ್ನು ಮೂರು ಸಲ ಕೂಗಿದರು. ಎದುರಿನ ಮೂಲೆ ಖಾಲಿ. ನನ್ನ ಕೈ ಎತ್ತಿದರು. ನಾಲ್ಕು ಮಂದಿ ಚಪ್ಪಾಳೆ ತಟ್ಟಿದರು. ಒಬ್ಬಳೇ ಚೀಲಕ್ಕೆ ಹೊಡೆದ ಇಡೀ ವರ್ಷದಲ್ಲಿ ನನಗೆ ಅಷ್ಟು ಒಂಟಿ ಅನಿಸಿರಲಿಲ್ಲ.

ಗಂಗಾವತಿ ಬಸ್ಸು ಬಿಟ್ಟು ಅಳವಂಡಿ ಬಸ್ಸು ಹತ್ತಿದೆ. ಅವಳು ಪಡಸಾಲೆಯಲ್ಲಿ ಮೊರ ಹಿಡಿದು ಜೋಳದ ಹರಳು ಆರಿಸುತ್ತಿದ್ದಳು. ಮುಖ ಸೊರಗಿತ್ತು. ಹೊಡೆದವಳು ನಾನೇ ಎಂಬುದು ಅವಳ ಅವ್ವನಿಗೆ ಗೊತ್ತಿರಲಿಲ್ಲ. ಮಗಳನ್ನು ಉಳಿಸಿದ ಗೆಳತಿ ನಾನೇ ಎಂದು ತಿಳಿದು ಎರಡು ರೊಟ್ಟಿ ಹೆಚ್ಚೇ ಬಡಿಸಿದಳು. ಅದನ್ನು ನಾನು ಹೇಗೆ ನುಂಗಿದೆನೋ. ಅವಳವ್ವ ಒಳಗೆ ಹೋದದ್ದೇ ತಡ, ರಾಜ್ಯದ ಪಂದ್ಯಕ್ಕೆ ನಾನು ಹೋಗುವುದಿಲ್ಲ, ಸರ್‌ಗೆ ಹೇಳುತ್ತೇನೆ, ನನ್ನ ಜಾಗಕ್ಕೆ ನಿನ್ನನ್ನೇ ಕಳಿಸಲಿ ಎಂದು ಒಂದೇ ಉಸಿರಿಗೆ ಹೇಳಿದೆ. ಅಂಥ ಪದ್ಧತಿ ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಅವಳು ಮೊರ ಕೆಳಗಿಟ್ಟಳು. "ಹೊಡದದ್ದಕ್ಕ ಸಿಟ್ಟಿಲ್ಲ. ಹೊಡಿಯೂದ ನಮ್ಮ ಆಟ. ಒಂದ ಮಾತ ಕೇಳ್ತೀನಿ, ಖರೇ ಹೇಳು. ನಾ ಬ್ಯಾರೆ ತೂಕದಾಕಿ ಆಗಿದ್ರ, ತಲಿ ತಿರಗತೈತಿ ಅಂದಾಗ ನೀ ನಗ್ತಿದ್ದೇನು?"

ಸುಳ್ಳು ಹೇಳಲು ಎಷ್ಟೋ ದಾರಿಗಳಿದ್ದವು. ನನಗೆ ತಿಳಿಯಲಿಲ್ಲ ಅನ್ನಬಹುದಿತ್ತು. ನಿನ್ನ ಹಣೆ ಒಣಗಿತ್ತಲ್ಲ ಅನ್ನಬಹುದಿತ್ತು, ಅದರಲ್ಲಿ ಅರ್ಧ ನಿಜವೂ ಇತ್ತು. ಆದರೆ ಅವಳು ಖರೇ ಹೇಳು ಅಂದಿದ್ದಳು.

"ಇಲ್ಲ ಬೇ," ಅಂದೆ. "ನಿಲ್ಲಸ್ತಿದ್ದೆ."

ಅವಳು ತಲೆಯಾಡಿಸಿ ಮತ್ತೆ ಮೊರ ಎತ್ತಿಕೊಂಡಳು. ಐದರ ಬಸ್ಸು ತಪ್ಪಿದರೆ ಮತ್ತೆ ಬಸ್ಸಿಲ್ಲ, ಇನ್ನು ಹೊರಡು ಎಂದಳು.

ಐದಾಗಲು ಇನ್ನೂ ಒಂದೂವರೆ ತಾಸಿತ್ತು. ನಾನು ಎದ್ದು ಚಪ್ಪಲಿ ಮೆಟ್ಟಿಕೊಂಡೆ.