ರುದ್ರಪ್ಪನವರ ದೂರನೋಟದ ಕಾಚು

ರುದ್ರಪ್ಪನವರು ಯಾರನ್ನು ಕಂಡರೂ ಮೊದಲು ನಾಲ್ಕು ಹೆಜ್ಜೆ ಹಿಂದಕ್ಕೆ ಸರಿಯುತ್ತಿದ್ದರು. ಆಮೇಲೆ ಎಡಗಣ್ಣು ಮುಚ್ಚಿ, ಕೊರಳನ್ನು ವಾರೆ ಮಾಡಿ, ಬಂದವರನ್ನು ಅಡಿಯಿಂದ ಮುಡಿಯವರೆಗೆ ನೋಡಿ "ಶರಣ್ರಿ" ಎನ್ನುತ್ತಿದ್ದರು. ಬೈಲಹೊಂಗಲಕ್ಕೆ ಹೊಸಬರಾದವರು ಇದನ್ನು ಅಹಂಕಾರವೆಂದು ಭಾವಿಸುತ್ತಿದ್ದರು. ಅದು ವೃತ್ತಿಯಿಂದ ಬಂದ ರೂಢಿಯೆಂಬುದು ನನಗೆ ತಿಳಿದಿತ್ತು. ಬೆಳಕಿನಿಂದ ಗಾಜಿನ ಹಲಗೆಯ ಮೇಲೆ ಚಿತ್ರ ಮೂಡಿಸುವ ಪೆಟ್ಟಿಗೆ ಆ ಕಾಲಕ್ಕೆ ನಮ್ಮ ಊರಿನಲ್ಲಿ ಅವರೊಬ್ಬರ ಬಳಿಯೇ ಇತ್ತು.

ನಾನು ಆಗ ಮಠದ ಪಾಠಶಾಲೆಯಲ್ಲಿ ಸಂಸ್ಕೃತ ಹೇಳಿಕೊಡುತ್ತಿದ್ದೆ. ನಮ್ಮ ಮನೆಯ ಎದುರಿಗೇ ಅವರ ಮನೆ. ಸಂಜೆಯ ಲಿಂಗಪೂಜೆ ಮುಗಿಸಿ ಅವರ ಕಟ್ಟೆಯ ಮೇಲೆ ಕೂರುವುದು ಹನ್ನೆರಡು ವರ್ಷ ತಪ್ಪದೆ ನಡೆಯಿತು. ಅವರ ಪತ್ನಿ ಗೌರವ್ವನವರು ಬಾಗಿಲ ಮರೆಯಲ್ಲಿ ಜೋಳ ಹಸನು ಮಾಡುತ್ತ ನಮ್ಮ ಮಾತಿಗೆ ಮಾತು ಕೂಡಿಸುತ್ತಿದ್ದರು. ಆ ಮನೆಗೆ ಮಕ್ಕಳಿರಲಿಲ್ಲ, ಮಾತಿಗೆ ಕೊರತೆಯಿರಲಿಲ್ಲ.

ಒಂದು ವರ್ಷ ಪೆಟ್ಟಿಗೆಯ ಕಣ್ಣಿನಂತಿದ್ದ ಮಸೂರ, ಅವರ ಮಾತಿನಲ್ಲಿ ಕಾಚು, ಹಳೆಯದಾಗಿ ಬಿರಿಯಿತು. ಹೊಸದನ್ನು ಮುಂಬಯಿಯಿಂದ ತರಿಸುವ ಶಕ್ತಿ ಅವರಿಗಿರಲಿಲ್ಲ. ಬೆಳಗಾವಿಯ ದಂಡಿನಲ್ಲಿ ಇಂಗ್ಲಿಷ್ ಅಧಿಕಾರಿಯೊಬ್ಬ ತನ್ನ ದೇಶಕ್ಕೆ ಹೊರಡುವ ಮುನ್ನ ಸಾಮಾನು ಮಾರುತ್ತಿದ್ದಾನೆ, ಅದರಲ್ಲಿ ಎರಡು ಕಾಚುಗಳಿವೆ ಎಂಬ ಸುದ್ದಿ ಬಂತು. ಒಂದು ಗಿಡ್ಡನೆಯದು, ಮನೆಯೊಳಗೆ ಕುಳಿತವರ ಮುಖ ಹಿಡಿಯಲು ಯೋಗ್ಯವಾದುದು. ಇನ್ನೊಂದು ಉದ್ದ ಕೊಳವೆಯದು, ಗುಡ್ಡ ಹೊಳೆ ಹಕ್ಕಿಗಳನ್ನು ದೂರದಿಂದ ಹತ್ತಿರಕ್ಕೆ ತರುವಂಥದು. ಅವರು ಕೊಳ್ಳಬಹುದಾದುದು ಒಂದನ್ನು ಮಾತ್ರ.

"ಮಾರಿ ಹಿಡಿಯೂದು ತೊಗೊಂಡ್ರ ಗಿರಾಕಿ ಬರತಾವ," ಎಂದರು ರುದ್ರಪ್ಪನವರು. "ಆದ್ರ ಮನಸ್ಸು ನವಿಲುತೀರ್ಥದ ಕೊಳ್ಳದಾಗ ಐತಿ. ಶಾಸ್ತ್ರೇರ, ನೀವ ಒಂದು ಮಾತು ಹೇಳ್ರಿ."

"ಅವರನ್ನೇನ ಕೇಳತೀರಿ?" ಎಂದು ಒಳಗಿನಿಂದ ಗೌರವ್ವನವರ ಧ್ವನಿ. "ಹೊಂಗಲದವರ ಮಾರಿ ಸಂತ್ಯಾಗ ಪುಕ್ಕಟೆ ಕಾಣತಾವ. ನವಿಲ ಯಾರ ತೋರಸ್ತಾರ ನನಗ? ನೀವಂತೂ ಒಂದಿನ ಕರಕೊಂಡ ಹೋಗಲಿಲ್ಲ."

ನಾನು ನಕ್ಕು ಸುಮ್ಮನಿರಬಹುದಿತ್ತು. ಓದಿನ ಗರ್ವ ಸುಮ್ಮನಿರಗೊಡಲಿಲ್ಲ. ದೇಹವು ನಶ್ವರ, ಅದರ ನೆರಳಿಗೆ ಆಸೆಪಡುವುದು ಮೋಹ, ಶಿವನ ಸೃಷ್ಟಿಯನ್ನೇ ಚಿತ್ರಿಸಿರಿ ಎಂದು ಉಪದೇಶಿಸಿದೆ. ಅವರು ಕೈಮುಗಿದು ನನ್ನ ಮಾತನ್ನು ಒಪ್ಪಿದರು.

ದಂಡಿನ ಆ ಬಂಗಲೆಗೆ ನಾನೂ ಜೊತೆಗೆ ಹೋದೆ. ಅಲ್ಲಿಯ ಪಡಸಾಲೆಯಲ್ಲಿ ನಿಂತು ಅವರು ಉದ್ದ ಕಾಚನ್ನು ದೂರದ ಗುಡಿಯ ಕಳಶದತ್ತ ಹಿಡಿದರು. "ಕಾಗೀ ಕಣ್ಣ ಸೈತ ಕಾಣತಾವಲ್ರಿ," ಎಂದು ಹಸುಗೂಸಿನಂತೆ ನಕ್ಕರು. ಹತ್ತಿರದ ವಸ್ತುವಿನ ಮೇಲೆ ಅದನ್ನು ಪರೀಕ್ಷಿಸಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಮನೆಗೆ ತಂದ ಮೇಲೆ ತಿಳಿಯಿತು: ಹತ್ತಿರದ್ದನ್ನು ಸ್ಪಷ್ಟವಾಗಿ ಹಿಡಿಯಲು ಬೇಕಾದಷ್ಟು ಉದ್ದಕ್ಕೆ ಪೆಟ್ಟಿಗೆಯ ಚರ್ಮದ ಮಡಿಕೆಯನ್ನು ಎಳೆಯಲು ಬಾರದು, ಹದಿನೈದು ಹೆಜ್ಜೆಗಿಂತ ಹತ್ತಿರವಿದ್ದುದೆಲ್ಲ ಮಂಜು. ಮೇಲಾಗಿ ಅದಕ್ಕೆ ಸುಡುವ ಬಿಸಿಲು ಬೇಕು, ಎದುರಿಗಿರುವುದು ಅಲುಗಬಾರದು.

ಕೊಳ್ಳದ ಬಂಡೆಗಳ ನಡುವೆ ಅನೇಕ ದಿನ ಕಾದು ಒಂದೇ ಒಂದು ನವಿಲನ್ನು ಗಾಜಿನ ಮೇಲೆ ಹಿಡಿದು ತಂದರು. ಗೌರವ್ವನವರು ಅದನ್ನು ಬೆಳಕಿಗೆ ಹಿಡಿದು, "ಬಾಲ ಎಲ್ಲೈತ್ರಿ ಇದರದು? ಹರಕ ಸೀರಿ ಒಣಾಕ ಹಾಕಿಧಂಗ ಐತಿ," ಎಂದರಂತೆ. ಆದರೂ ದೇವರ ಗೂಡಿನ ಪಕ್ಕದಲ್ಲೇ ತೂಗುಹಾಕಿದರು.

ಜೀವವಿದ್ದವರು ಬಿಸಿಲಿನಲ್ಲಿ ಅಲುಗದೆ ಕೂರಲಾರರು. ಆದರೆ ನಮ್ಮಲ್ಲಿ ತೀರಿಕೊಂಡವರಿಗೆ ಸ್ನಾನ ಮಾಡಿಸಿ, ವಿಭೂತಿಯಿಟ್ಟು, ಅಂಗಳದಲ್ಲಿ ಗೋಡೆಗೆ ಒರಗಿಸಿ ಕೂರಿಸುವ ಸಂಪ್ರದಾಯವಿದೆ. ಅಲ್ಲಿ ಬಿಸಿಲಿರುತ್ತದೆ, ದೂರ ನಿಲ್ಲಲು ಓಣಿಯಿರುತ್ತದೆ, ಕುಳಿತವರು ಅಲುಗುವುದಿಲ್ಲ. ಕಿತ್ತೂರಿನಿಂದ, ಸವದತ್ತಿಯಿಂದ, ರಾಮದುರ್ಗದಿಂದ ರುದ್ರಪ್ಪನವರಿಗೆ ಕರೆ ಬರತೊಡಗಿದ್ದು ಹೀಗೆ. ನವಿಲಿಗೆಂದು ತಂದ ಕಾಚಿನಿಂದ ಅವರು ಹೆಣಗಳ ಚಿತ್ರ ತೆಗೆದು ಬದುಕಿದರು.

ಗೌರವ್ವನವರಿಗೆ ಎದೆಯ ಬೇನೆ ಬಂತು. ಕೆಮ್ಮಿದರೆ ರಕ್ತ. ಹಾಸಿಗೆಯಿಂದ ಅಲುಗಿಸಬಾರದೆಂದು ವೈದ್ಯರು ಕಟ್ಟಪ್ಪಣೆ ಮಾಡಿದರು. ಒಂದು ಬೆಳಗ್ಗೆ ಅವರೇ ಗಂಡನನ್ನು ಕೇಳಿದರು: "ಎಲ್ಲಾರದೂ ಜೀವ ಹ್ವಾದ ಮ್ಯಾಲ ತಗದೀರಿ. ನಂದೊಂದು ಜೀವ ಇದ್ದಾಗ ತಗೀರಿ."

ಆ ಕೋಣೆಯ ಉದ್ದ ಎಂಟು ಹೆಜ್ಜೆ. ರುದ್ರಪ್ಪನವರು ಬಾಗಿಲನ್ನು ಕೀಲಿನಿಂದ ಕಳಚಿಟ್ಟು, ಪಡಸಾಲೆ ದಾಟಿ, ಅಂಗಳ ದಾಟಿ, ಓಣಿಯಲ್ಲಿ ಪೆಟ್ಟಿಗೆ ಹೂಡಿದರು. ಒಳಗಿನಿಂದ ಕ್ಷೀಣವಾದ ಧ್ವನಿ ಬಂತು: "ಇನ್ನೂ ಎಷ್ಟ ಹಿಂದ ಹೋಗತೀರಿ? ನಮ್ಮನಿ ಬಿಟ್ಟು ಶಾಸ್ತ್ರೇರ ಮನೀಗೆ ಹೋದ್ರಿ." ಅವರು ಕಾಚಿನ ಮುಚ್ಚಳ ತೆಗೆದರು. ಆಮೇಲೆ ಮದ್ದಿನಲ್ಲಿ ತೊಳೆದ ಗಾಜಿನ ಮೇಲೆ ಬಾಗಿಲ ಚೌಕಟ್ಟು ಚೆನ್ನಾಗಿ ಮೂಡಿತ್ತು. ಅದರೊಳಗೆ ಬರೀ ಕತ್ತಲೆ. ಕತ್ತಲೆಯಲ್ಲಿ ಒಂದು ಮಸುಕು ಗುರುತು. ಅದು ಗೌರವ್ವನವರ ಕೈಯೋ ದಿಂಬಿನ ತುದಿಯೋ ತಿಳಿಯುವಂತಿರಲಿಲ್ಲ.

ಮೂರನೆಯ ದಿನ ಗೌರವ್ವನವರು ಶಿವನ ಪಾದ ಸೇರಿದರು. ಅಂಗಳದಲ್ಲಿ ಕೂರಿಸಿದರು. ಅವರ ತಮ್ಮ ಪೆಟ್ಟಿಗೆಯನ್ನು ತಂದು ಓಣಿಯಲ್ಲಿ ನಿಲ್ಲಿಸಿ, "ಮಾವಾ, ಈಗರೆ ತಗೀ," ಎಂದ. ಬಿಸಿಲು ಸರಿಯಾಗಿತ್ತು, ದೂರ ಸರಿಯಾಗಿತ್ತು. ರುದ್ರಪ್ಪನವರು ಕರಿಯ ಬಟ್ಟೆಯೊಳಗೆ ತಲೆಯಿಟ್ಟು ಬಹಳ ಹೊತ್ತು ನಿಂತರು. ಹೊರಬಂದು ಕಾಚಿಗೆ ಮುಚ್ಚಳ ಹಾಕಿದರು.

"ಯಾಕೋ ಮಾವಾ?"

"ಗೌರಿ ಇಷ್ಟ ಸುಮ್ಮನ ಯಾವತ್ತರ ಕುಂತಾಳೇನೋ?" ಎಂದರು. "ಇದು ಆಕಿ ಅಲ್ಲ. ಎತ್ರಿ."

ಅಂದಿನಿಂದ ಅವರು ಪೆಟ್ಟಿಗೆಯನ್ನು ಮುಟ್ಟಲಿಲ್ಲ. ಮುನವಳ್ಳಿಯ ನೆಂಟರ ಮನೆಗೆ ಹೋಗಿ ಉಳಿದರು. ನಾನು ಹೇಳಿದ ಉಪದೇಶವನ್ನು ಒಂದು ದಿನವೂ ಎತ್ತಿ ಆಡಲಿಲ್ಲ. ಆಡಿದ್ದರೆ ನನ್ನ ಭಾರ ಇಳಿಯುತ್ತಿತ್ತು.

ಕೆಲವು ವರ್ಷಗಳ ಮೇಲೆ ಅವರ ಕಾಯಿಲೆಯ ಸುದ್ದಿ ಕೇಳಿ ಹೋದೆ. ನನ್ನನ್ನು ಹತ್ತಿರ ಕೂರಿಸಿಕೊಂಡು ತಗ್ಗಿದ ದನಿಯಲ್ಲಿ ಹೇಳಿದರು: "ಶಾಸ್ತ್ರೇರ, ನಿಮಗ ಸಾವಿರ ಶ್ಲೋಕ ಬಾಯಾಗ ಅದಾವ. ಒಂದ ನೆನಪ ಮಾಡಿ ಹೇಳ್ರಿ. ಆಕಿ ಗಲ್ಲದ ಮ್ಯಾಲ ಹಚ್ಚಿ ಬೊಟ್ಟಿತ್ತಲ್ರಿ, ಅದು ಎಡಕ್ಕಿತ್ತೋ ಬಲಕ್ಕಿತ್ತೋ? ಕಡೀಕ ಪೆಟ್ಟಿಗ್ಯಾಗ ನೋಡಿದ್ನಿ. ಅದರಾಗ ಎಲ್ಲಾ ತಲಿಕೆಳಗ, ಎಡದ್ದು ಬಲಕ್ಕ ಕಾಣತೈತಿ. ಈಗ ಎರಡೂ ಕಲಸಿ ಹೋಗ್ಯಾವ. ಕೇಳೂಣಂದ್ರ ಆಕಿ ತಮ್ಮನೂ ಪ್ಲೇಗಿನಾಗ ಹ್ವಾದ."

ಪರರ ಮನೆಯ ಹೆಣ್ಣುಮಕ್ಕಳ ಮುಖವನ್ನು ಕಣ್ಣೆತ್ತಿ ನೋಡಬಾರದೆಂಬ ನಿಯಮದಲ್ಲಿ ಬೆಳೆದವನು ನಾನು. ಗೌರವ್ವನವರ ಧ್ವನಿಯನ್ನು ಬಲ್ಲೆ, ಬಳೆಗಳ ಸದ್ದನ್ನು ಬಲ್ಲೆ. ಅಂಗಳದಲ್ಲಿ ಕೂರಿಸಿದ್ದಾಗಲೂ ಪಾದಗಳಿಗಷ್ಟೇ ನಮಸ್ಕರಿಸಿ ಬಂದಿದ್ದೆ.

ಅವರು ನನ್ನ ತುಟಿಗಳನ್ನೇ ನೋಡುತ್ತ ಕಾದರು.

"ಎಡಕ್ಕೆ," ಎಂದೆ.

"ಹೌದ್ರಿ, ಎಡಕ್ಕ," ಎಂದು ಅವರು ಕಣ್ಣು ಮುಚ್ಚಿದರು. ಆ ವಾರವೇ ಲಿಂಗೈಕ್ಯರಾದರು. ನಾನು ಹೇಳಿದ್ದು ನಿಜವೋ ಸುಳ್ಳೋ ತಿಳಿದವರು ಇಂದು ಯಾರೂ ಉಳಿದಿಲ್ಲ.