ದಯಾಮಣಿ ಸಿಸ್ಟರಿಗೆ ಅಪ್ಪನ ಚಿಂತೆ

ನಮ್ಮ ಮನೆಯಿಂದ ಏನು ತಿಂಡಿ ಕೊಟ್ಟರೂ ದಯಾಮಣಿ ಸಿಸ್ಟರ್ ಡಬ್ಬಿಯ ಮುಚ್ಚಳದ ಮೇಲೆ ಕೈಯಿಟ್ಟು ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: "ಎಡೆ ಇಡೋಕ್ ಮುಂಚೆ ತೆಗ್ದಿದ್ದೋ, ಆಮೇಲೋ?" ದೇವರ ಮುಂದಿಟ್ಟದ್ದಾದರೆ ಡಬ್ಬಿ ಹಾಗೇ ವಾಪಸು. ಅದಕ್ಕೇ ಹಬ್ಬದ ದಿನ ಅಮ್ಮ ಪೂಜೆಗೆ ಮೊದಲೇ ಅವರಿಗೆಂದು ಒಂದಿಷ್ಟು ಒಬ್ಬಟ್ಟು ತೆಗೆದು ಬೇರೆ ಮುಚ್ಚಿಡುತ್ತಿದ್ದಳು. ಇಡೀ ಚಾಮರಾಜಪೇಟೆಯಲ್ಲಿ ದೇವರಿಗಿಂತ ಮುಂಚೆ ಒಬ್ಬಟ್ಟು ಸಿಗುವುದು ಸಿಸ್ಟರಿಗೊಬ್ಬರಿಗೇ ಎಂದು ಅಪ್ಪ ರೇಗಿಸುತ್ತಿದ್ದರು.

ಸಿಸ್ಟರ್ ನರ್ಸ್ ಕೆಲಸದಿಂದ ನಿವೃತ್ತರಾದವರು. ಗಂಡ ಇರಲಿಲ್ಲ, ಮಕ್ಕಳಿರಲಿಲ್ಲ. ನಮ್ಮ ಪಕ್ಕದ ಮನೆಯಲ್ಲೇ ಇದ್ದರು. ಅಪ್ಪನಿಗೆ ಬಳೇಪೇಟೆಯಲ್ಲಿ ಬಳೆ ಅಂಗಡಿ. ಎದೆಯ ಮೇಲೆ ಲಿಂಗದ ಕರಡಿಗೆ, ಹಣೆಯಲ್ಲಿ ವಿಭೂತಿ, ಮೈಯಲ್ಲಿ ಸಕ್ಕರೆ ಕಾಯಿಲೆ. ಅಪ್ಪ ಅಂಗಡಿ ಮುಚ್ಚಿ ಬಂದ ಮೇಲೆ ಸಿಸ್ಟರ್ ಇನ್ಸುಲಿನ್ ಚುಚ್ಚಲು ಬರುತ್ತಿದ್ದರು, ಚುಚ್ಚಿದ ಮೇಲೆ ಜಗಲಿಯಲ್ಲಿ ಕೂತು ವಾದ ಮಾಡುತ್ತಿದ್ದರು. "ಎಲ್ಲಾ ದೇವರೂ ಒಂದೇ ಬಿಡಿ ಸಿಸ್ಟರೇ" ಎಂದು ಅಪ್ಪ ಅಂದರೆ ಸಾಕು, ಅವರ ಬೆನ್ನು ನೆಟ್ಟಗಾಗುತ್ತಿತ್ತು.

"ಒಂದೇ ಆಗಿದ್ರೆ ನಮ್ ಸ್ವಾಮಿ ಯಾಕ್ ಶಿಲುಬೆ ಮೇಲೆ ಪ್ರಾಣ ಕೊಡ್ಬೇಕಿತ್ತು ರುದ್ರಣ್ಣ? ರಕ್ಷಣೆಗೆ ಅವರೊಬ್ಬರೇ ದಾರಿ. ನಿಮ್ ಮನಸ್ಸಿಗೆ ನೋವಾಗುತ್ತೆ ಅಂತ ನಾನು ಸುಳ್ಳು ಹೇಳಲ್ಲ."

"ಅಂದ್ರೆ ನಾನು ನರಕಕ್ಕೇ ಅನ್ನಿ. ಆಗ್ಲಿ. ನಾಳೆ ಸೂಜಿ ಮಾತ್ರ ಮೆತ್ತಗೆ ಚುಚ್ಚಿ."

ಅವರ ಚರ್ಚಿಗೆ ಹೊಸದಾಗಿ ಬಂದ ಪಾಸ್ಟರ್, ಸಭೆಯ ಹೊರಗಿನವರಿಗೂ ದೇವರ ಕರುಣೆ ಮುಟ್ಟಬಹುದು ಎಂದು ಪ್ರಸಂಗ ಮಾಡಿದಾಗ ಸಿಸ್ಟರ್ ಅವರನ್ನೂ ಬಿಡಲಿಲ್ಲ. "ಹುಡುಗ ಒಳ್ಳೆಯವನೇ. ಆದ್ರೆ ಬಾಗಿಲು ಅಗಲ ಮಾಡೋ ಅಧಿಕಾರ ಇವನಿಗ್ಯಾರು ಕೊಟ್ರು?" ಎಂದು ನಮ್ಮ ಜಗಲಿಗೆ ಬಂದು ಸಿಡಿಮಿಡಿಗೊಂಡರು. ನನಗೆ ಮೈ ಉರಿಯುತ್ತಿತ್ತು. ನಮ್ಮ ಮನೆಯ ಕಾಫಿ ಕುಡಿಯುತ್ತಾ ನಮ್ಮನ್ನೇ ಹೊರಗಿಡುವುದು ಯಾವ ನ್ಯಾಯ? ಅಪ್ಪನಿಗೆ ಮಾತ್ರ ಅವರ ಮೇಲೆ ಕೋಪವೇ ಬರುತ್ತಿರಲಿಲ್ಲ.

ಕಿಡ್ನಿ ಕೈಕೊಟ್ಟು ಅಪ್ಪ ಹಾಸಿಗೆ ಹಿಡಿದ ಮೇಲೆ ಜಗಲಿಯ ವಾದ ನಿಂತಿತು. ಸಿಸ್ಟರ್ ಬೆಳಿಗ್ಗೆ ಸಂಜೆ ಬಂದು ಮೈ ಒರೆಸಿ, ಬೆನ್ನಿನ ಹುಣ್ಣಿಗೆ ಡ್ರೆಸ್ಸಿಂಗ್ ಮಾಡಿ ಹೋಗುತ್ತಿದ್ದರು. ಚಿಕ್ಕಪ್ಪನಿಗೆ ಇದು ಹಿಡಿಸಲಿಲ್ಲ. "ಹುಷಾರು ಅತ್ಗೆ. ಪ್ರಾಣ ಹೋಗೋ ಟೈಮಲ್ಲಿ ತಲೆ ಮೇಲೆ ನೀರು ಹಾಕಿ ಅವ್ರ ಕಡೆ ಸೇರಿಸ್ಕೊಂಡ್ಬಿಡ್ತಾರೆ. ಆಮೇಲೆ ನಮ್ಮ ಸ್ವಾಮಿಗಳು ಬಂದು ಮಣ್ಣು ಮಾಡಿಸ್ತಾರಾ?" ಎಂದ. ಅಮ್ಮ ಹೌಹಾರಿದಳು. ಅಂದಿನಿಂದ ಸಿಸ್ಟರ್ ಬಂದಾಗ ನಮ್ಮಲ್ಲೊಬ್ಬರು ಕೋಣೆಯಲ್ಲೇ ಇರುತ್ತಿದ್ದೆವು. ಅವರಿಗದು ಗೊತ್ತಾಗುತ್ತಿತ್ತು, ಆದರೂ ಬರುವುದನ್ನು ನಿಲ್ಲಿಸಲಿಲ್ಲ.

ಒಂದು ಮಧ್ಯಾಹ್ನ ನಾನು ಔಷಧಿ ತರಲು ಹೋಗಿದ್ದೆ, ಅಮ್ಮ ಸ್ನಾನಕ್ಕಿಳಿದಿದ್ದಳು. ವಾಪಸು ಬಂದಾಗ ಕೋಣೆಯ ಬಾಗಿಲು ಮುಂದೆ ಮಾಡಿತ್ತು. ತಳ್ಳಿದೆ. ಸಿಸ್ಟರ್ ಮಂಚದ ಅಂಚಿನಲ್ಲಿ ಕೂತಿದ್ದರು. ತೊಡೆಯ ಮೇಲೆ ನೀರಿನ ಬಟ್ಟಲು, ಬೆರಳು ಒದ್ದೆ. ಅಪ್ಪನ ಹಣೆಯೂ ಒದ್ದೆ, ವಿಭೂತಿ ಅಳಿಸಿಹೋಗಿತ್ತು.

"ನೀರು ಹಾಕಿದ್ರಾ?" ಎಂದು ಕೂಗಿದೆ.

"ಹಾಕ್ಬೇಕು ಅಂತಾನೇ ಬಂದಿದ್ದೆ" ಎಂದರು. ಸುಳ್ಳು ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು.

"ನಮ್ಮಪ್ಪನ್ನ ಏನಂದ್ಕೊಂಡಿದೀರಾ ಆಂಟಿ ನೀವು?"

"ಕೂಗಾಡ್ಬೇಡ ಶೈಲಾ, ಅವರಿಗೆ ಕೇಳಿಸುತ್ತೆ. ದೀಕ್ಷಾಸ್ನಾನ ಕೊಡ್ಲಾ ರುದ್ರಣ್ಣ, ಒಪ್ಪಿಗೆ ಇದ್ಯಾ ಅಂತ ಕೇಳ್ದೆ. ಒಪ್ದೇ ಇರೋರಿಗೆ ಕೊಡೋ ಹಾಗಿಲ್ಲ. ಮಾತಾಡೋಕೆ ಅವರ ಕೈಲಿ ಆಗ್ಲಿಲ್ಲ. ನನ್ ಕೈ ಹಿಡ್ಕೊಂಡು ತಗೊಂಡ್ಹೋಗಿ ಇಲ್ಲಿಟ್ರು." ಅವರು ಅಪ್ಪನ ಎದೆಯ ಮೇಲಿನ ಕರಡಿಗೆಯನ್ನು ತೋರಿಸಿದರು. "ಆಮೇಲೆ ಆ ನೀರಲ್ಲಿ ಬರೀ ಮುಖ ಒರೆಸ್ದೆ. ಬೆವರಿತ್ತು."

ಅಪ್ಪನ ಕಣ್ಣು ತೆರೆದೇ ಇತ್ತು. ಅವರ ಕೈ ಇನ್ನೂ ಕರಡಿಗೆಯ ಮೇಲಿತ್ತು.

"ಹಣೆ ಬೋಳಾಗಿದೆ. ವಿಭೂತಿ ತಗೊಂಡ್ಬಾ. ನಾನು ಹಚ್ಚಲ್ಲ, ನೀನು ಹಚ್ಚು" ಎಂದು ಸಿಸ್ಟರ್ ಎದ್ದು ನಿಂತರು. ನಾನು ಹಚ್ಚುವವರೆಗೂ ಅಲ್ಲೇ ಇದ್ದರು. ಆಮೇಲೆ ಬಟ್ಟಲಿನ ನೀರು ಚೆಲ್ಲಿ ಹೊರಟರು.

ಸುದ್ದಿ ತಿಳಿದ ಚಿಕ್ಕಪ್ಪ ಅವರನ್ನು ಹೊಸ್ತಿಲಲ್ಲೇ ತಡೆದು ಇನ್ನು ಬರಬೇಡಿ ಎಂದ. ಅವರು ಎದುರಾಡಲಿಲ್ಲ, ಡ್ರೆಸ್ಸಿಂಗ್ ಹೇಗೆ ಮಾಡಬೇಕೆಂದು ನನಗೆ ಹೇಳಿಕೊಟ್ಟು ಹೋದರು. ಅದೇ ವಾರ ಅಪ್ಪ ಹೋದರು. ನಮ್ಮ ಸ್ವಾಮಿಗಳು ಬಂದರು, ಎಲ್ಲವೂ ಕ್ರಮದಂತೆ ನಡೆಯಿತು. ಅಪ್ಪನನ್ನು ಕೂರಿಸಿ ಹೊತ್ತ ಹೂವಿನ ವಿಮಾನ ಹೊರಟಾಗ ಸಿಸ್ಟರ್ ಎದುರಿನ ಫುಟ್‌ಪಾತಿನಲ್ಲಿ ಸೆರಗು ಬಾಯಿಗೊತ್ತಿಕೊಂಡು ನಿಂತಿದ್ದರು. ರಸ್ತೆ ದಾಟಿ ಬರಲಿಲ್ಲ.

ಮರುವರ್ಷ ಸಿಸ್ಟರೇ ಹಾಸಿಗೆ ಹಿಡಿದರು. ನಾನು ನೋಡಲು ಹೋದೆ. ಗಂಜಿ ಕುಡಿಸಿ, ದಿಂಬು ಸರಿಮಾಡಿ, ಇಷ್ಟು ದಿನ ಎದೆಯಲ್ಲಿ ಕೊರೆಯುತ್ತಿದ್ದುದನ್ನು ಕೇಳಿಯೇಬಿಟ್ಟೆ: "ಆಂಟಿ, ಅಪ್ಪ ಈಗ ಎಲ್ಲಿದಾರೆ?"

ಅವರು ಗೋಡೆಯ ಕಡೆ ಮುಖ ಮಾಡಿದರು. ನನ್ನನ್ನು ಸಮಾಧಾನಪಡಿಸಲು ಒಂದು ಸುಳ್ಳು ಹೇಳಲಿ ಎಂದು ಆ ಕ್ಷಣ ಮನಸಾರೆ ಆಸೆಪಟ್ಟೆ.

"ನಾನು ನಂಬಿರೋದೇನು ಅಂತ ನಿಂಗೊತ್ತು. ಈ ವಯಸ್ಸಲ್ಲಿ ಅದನ್ನ ಬದಲಾಯಿಸ್ಕೊಳ್ಳೋಕಾಗಲ್ಲ ಕಣೇ" ಎಂದರು. ಆಮೇಲೆ ನನ್ನ ಕಡೆ ಹೊರಳಿದರು. "ನಮ್ ಸಭೇಲಿ ಸತ್ತವರಿಗೋಸ್ಕರ ಪ್ರಾರ್ಥನೆ ಮಾಡೋ ಹಾಗಿಲ್ಲ. ಹೋದ್ಮೇಲೆ ಎಲ್ಲಾ ತೀರ್ಮಾನ ಆಗೋಗಿರುತ್ತೆ. ನಾನು ಮಾಡ್ತಿದೀನಿ. ದಿನಾ ಬೆಳಿಗ್ಗೆ ರುದ್ರಣ್ಣನ ಹೆಸರು ಹೇಳಿ ನಮ್ ಸ್ವಾಮಿ ಹತ್ರ ಜಗಳ ಆಡ್ತೀನಿ. ತಪ್ಪು ಅಂತ ಗೊತ್ತು. ಪಾಸ್ಟರಿಗೆ ಹೇಳ್ಬೇಡ."

ಅದೇ ಕೊನೆಯ ಭೇಟಿ. ಈಸ್ಟರಿಗೆ ಮುಂಚೆಯೇ ಅವರು ತೀರಿಕೊಂಡರು. ನಮ್ಮ ಮನೆಯಲ್ಲಿ ಅಪ್ಪ ಲಿಂಗೈಕ್ಯರಾದರು, ಲಿಂಗದಲ್ಲಿ ಬೆರೆತುಹೋದರು ಎಂದ ಮೇಲೆ ಮುಗಿಯಿತು, ಅವರಿಗಾಗಿ ನಾವ್ಯಾರೂ ಏನನ್ನೂ ಬೇಡುವುದಿಲ್ಲ. ಇಡೀ ಜಗತ್ತಿನಲ್ಲಿ ಅಪ್ಪನಿಗಾಗಿ ದಿನವೂ ಬೇಡಿಕೊಳ್ಳುತ್ತಿದ್ದವರು ಸಿಸ್ಟರೊಬ್ಬರೇ.